ಮರ್ಯಾದೆಯ ಕಾಫಿ

ನನ್ನ ಗಂಡ ಕಲೆವಿ ಸಾಯುವುದಕ್ಕೆ ತಯಾರಿ ನಡೆಸಿದ್ದಾನೆ ಎಂಬುದು ನನಗೆ ಗೊತ್ತಾದದ್ದು ನೀರಿನ ಕೊಳಾಯಿಯಿಂದ. ಅಕ್ಟೋಬರ್ ಮೊದಲ ವಾರ ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದಿದ್ದೆ. ಕೊಳಾಯಿಯ ತಿರುಪಿನ ಪಕ್ಕ ಬಿಳಿ ಪಟ್ಟಿಯೊಂದು ಅಂಟಿತ್ತು. ಅದರ ಮೇಲೆ ಅವನದೇ ದಪ್ಪ ಅಕ್ಷರ: ‘ಐಲಿ, ಚಳಿ ಜೋರಾದರೆ ಮೊದಲು ಇದನ್ನು ಮುಚ್ಚು.’ ಫ್ಯೂಸ್ ಪೆಟ್ಟಿಗೆಯ ಮೇಲೆ ಇನ್ನೊಂದು ಪಟ್ಟಿ. ಹೊರಗೆ ನಮ್ಮ ಹಬೆಸ್ನಾನದ ಕೋಣೆಯಲ್ಲಿ, ಸೌನಾ ಒಲೆಯ ಬಾಗಿಲ ಮೇಲೆ ಮತ್ತೊಂದು: ‘ಸ್ವಲ್ಪ ಎತ್ತಿ ಮುಚ್ಚು, ಇಲ್ಲದಿದ್ದರೆ ಕೂರುವುದಿಲ್ಲ.’ ಮೂವತ್ತೊಂದು ವರ್ಷದಲ್ಲಿ ಆ ಒಲೆಯನ್ನು ನನಗೆ ಮುಟ್ಟಲೂ ಬಿಡದ ಮನುಷ್ಯ ಇವನು!

ಆಲೂಗಡ್ಡೆಯನ್ನು ಅಲ್ಲೇ ಬಿಟ್ಟು ಮೇಲೆ ಬಂದೆ. ಕಲೆವಿ ಅಡುಗೆಮನೆಯಲ್ಲಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಏನಿದು ಮನೆ ತುಂಬ ಚೀಟಿ? ಎಲ್ಲಿಗೆ ಹೊರಟಿದೀಯ ನೀನು?"

ಅವನು ತಲೆ ಎತ್ತಲಿಲ್ಲ. "ನಂಗೀಗ ಐವತ್ತೇಳು ಐಲಿ."

ಅಷ್ಟು ಸಾಕಾಯಿತು ನನಗೆ. ನನ್ನ ಮಾವನಿಗೂ ಅದೇ ವಯಸ್ಸಾಗಿತ್ತು. ಅವರದೂ ಕಲೆವಿಯಂತೆ ಮನೆಮನೆಯ ಛಾವಣಿ ಹತ್ತಿ ಹೊಗೆಗೂಡು ಗುಡಿಸುವ ಕೆಲಸ. ಒಂದು ದಿನ ಛಾವಣಿಯಿಂದ ಇಳಿದು ಬಂದು, "ಎದೆ ಯಾಕೋ ಹಾರ್ತಿದೆ" ಎಂದು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವರ ಕುಂಚ ಅದೇ ವಾರ ಕಲೆವಿಯ ಕೈಗೆ ಬಂದಿತ್ತು.

"ನಿಂಗೂ ಹಾರ್ತಿದೆಯಾ?"

"ಮೂರು ವಾರ ಆಯ್ತು. ಬಲೆಗೆ ಬಿದ್ದ ಮೀನಿನ ಥರ ಒದ್ದಾಡುತ್ತೆ. ರಾತ್ರಿ ನಿದ್ದೇನೂ ಇಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ಛಾವಣಿ ಹತ್ತೋಕೆ ಬಿಡ್ತಿದ್ಯಾ?"

"ಇಲ್ಲ! ಕಾಲು ಮುರಿದು ಕೂರಿಸ್ತಿದ್ದೆ!" ಎಂದು ಕೂಗಿದೆ. ಆಮೇಲೆ ಅಲ್ಲೇ ಕುಕ್ಕರಿಸಿ ಅತ್ತೆ. ಕೋಪ, ಭಯ ಎರಡೂ ಒಟ್ಟಿಗೇ ಬಂದರೆ ನನಗೆ ಹಾಗೇ ಆಗುವುದು.

ಮರುದಿನವೇ ಅವನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರ್ ಸಿರ್ಕು ನಮ್ಮೂರಿನ ಹಿಲ್ಮಾ ಅಜ್ಜಿಯ ಮೊಮ್ಮಗಳು. ಚಿಕ್ಕವಳಿದ್ದಾಗ ಪರೀಕ್ಷೆಗೆ ಹೋಗುವ ಮುಂಚೆ ಅದೃಷ್ಟಕ್ಕೆಂದು ಕಲೆವಿಯ ಮಸಿ ಹಿಡಿದ ತೋಳು ಮುಟ್ಟಿ ಹೋಗುತ್ತಿದ್ದಳು. ಈಗ ಅವಳೇ ಅವನ ಎದೆಗೆ ತಂತಿ ಅಂಟಿಸಿ ಕಾಗದದ ಮೇಲಿನ ಗೆರೆ ನೋಡಿದಳು. ರಕ್ತ ತೆಗೆಸಿದಳು. ಆಮೇಲೆ ಪ್ರಶ್ನೆ ಶುರುವಾಯಿತು.

"ಸಿಗರೇಟು, ಕಲೆವಿ ಮಾಮ?"

"ದಿನಾ ಕುಡಿಯೋ ಹೊಗೆ ಸಾಲ್ದೇನಮ್ಮಾ?"

"ಕುಡಿತ?"

"ಸೌನಾ ಆದ್ಮೇಲೆ ಒಂದು ಬಿಯರು."

"ಕಾಫಿ?"

"ಎರಡು ಕಪ್ಪು. ಬೆಳಿಗ್ಗೆ ಒಂದು, ಸಂಜೆ ಒಂದು."

ಪಕ್ಕದಲ್ಲೇ ಕೂತಿದ್ದ ನಾನೂ ಹೌದೆಂದು ತಲೆಯಾಡಿಸಿದೆ. ದೇವರಾಣೆ, ಇಬ್ಬರ ಮನಸ್ಸಿನಲ್ಲೂ ಸುಳ್ಳಿರಲಿಲ್ಲ.

ಸಿರ್ಕು ಅವನ ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿದಳು. ಒಂದು ಹಗಲು, ಒಂದು ರಾತ್ರಿಯ ಎದೆಬಡಿತವನ್ನೆಲ್ಲ ಅದು ಬರೆದುಕೊಳ್ಳುತ್ತದಂತೆ. ಕೈಗೊಂದು ಚಿಕ್ಕ ಪುಸ್ತಕ ಕೊಟ್ಟು, "ಎದೆ ಹಾರಿದಾಗೆಲ್ಲ ಹೊತ್ತು ಎಷ್ಟು, ಎಲ್ಲಿದ್ರಿ, ಬರೀರಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಛಾವಣಿ ಮಾತ್ರ ಇವತ್ತು ಬೇಡ" ಎಂದಳು. ಛಾವಣಿ ಹತ್ತದೆ, ಮನೆಯೊಳಗಿನ ಒಲೆಗಳನ್ನಷ್ಟೇ ಗುಡಿಸುತ್ತೇನೆಂದು ಅವನು ಹೊರಟ. ಜೊತೆಗಾರ ಆಗಸ್ಟಿನಲ್ಲಿ ನಿವೃತ್ತನಾಗಿದ್ದರಿಂದ ಅವನ ಪಾಲಿನ ಮನೆಗಳೂ ಇವನ ತಲೆಗೇ ಬಿದ್ದಿದ್ದವು. ಚಳಿಗೆ ಮೊದಲು ಎಲ್ಲರ ಒಲೆಯೂ ಆಗಬೇಕಿತ್ತು.

ಮರುದಿನ ಸಿರ್ಕು ಪೆಟ್ಟಿಗೆ ಬಿಚ್ಚಿಕೊಂಡು ಒಳಗೆ ಹೋದಳು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಕಲೆವಿ ನನ್ನ ಕೈ ಹಿಡಿದುಕೊಂಡಿದ್ದ. ಮದುವೆಯ ದಿನವೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ: ಇವನು ಬದುಕಿದರೆ ಇನ್ನು ಬೈಯುವುದಿಲ್ಲ ಎಂದು.

ಒಳಗೆ ಕರೆದಾಗ ಅವಳ ಮುಂದೆ ಆ ಪುಸ್ತಕ ಬಿಚ್ಚಿತ್ತು.

"ಹತ್ತು ಗಂಟೆ, ಕೊರ್ಪೆಲಾ ಮನೆ. ಹನ್ನೊಂದಕ್ಕೆ ಹೊಳೆ ದಂಡೆ ಮನೆ. ಹನ್ನೆರಡಕ್ಕೆ ನಮ್ಮಜ್ಜಿ ಮನೆ..." ಎಂದು ಓದುತ್ತಾ ಹೋದವಳು ನಿಲ್ಲಿಸಿದಳು. "ಮಾಮ, ನೀವು ಛಾವಣಿ ಹತ್ತಲಿಲ್ಲ ತಾನೆ? ಈ ಮನೆಗಳಲ್ಲಿ ಏನು ಮಾಡಿದ್ರಿ?"

"ಒಲೆ ಗುಡಿಸಿದೆ."

"ಆಮೇಲೆ?"

"ಕೈ ತೊಳ್ಕೊಂಡೆ."

"ಆಮೇಲೆ?"

"ಆಮೇಲೇನು, ಕಾಫಿ ಕೊಟ್ರು. ಕೊಡದೇ ಇರ್ತಾರಾ?"

ಸಿರ್ಕು ಪೆನ್ನು ಕೆಳಗಿಟ್ಟಳು. "ಕೊಟ್ಟಿದ್ದನ್ನ ಕುಡಿದ್ರಾ?"

"ಬೇಡ ಅನ್ನೋಕಾಗುತ್ತಾ? ಬೆಳಿಗ್ಗೆ ಎದ್ದು ನಂಗೋಸ್ಕರ ಏಲಕ್ಕಿ ಬನ್ನು ಬೇಯಿಸಿರ್ತಾರೆ."

"ಒಂದೊಂದು ಕಪ್ಪು?"

ಕಲೆವಿಗೆ ನಿಜವಾಗಿಯೂ ಬೇಸರವಾಯಿತು. "ಒಂದೇ ಕಪ್ಪಿಗೆ ಎದ್ರೆ ಕಾಫಿ ಚೆನ್ನಾಗಿಲ್ಲ ಅಂದ ಹಾಗಾಗಲ್ವೇನಮ್ಮಾ? ನಿಮ್ಮಜ್ಜೀನೇ ಕೇಳು. ಎರಡನೇದು ತಾನಾಗೇ ಬರುತ್ತೆ."

"ನಿನ್ನೆ ಎಷ್ಟು ಮನೆ?"

"ಹನ್ನೊಂದು."

ಸಿರ್ಕು ನನ್ನ ಕಡೆ ತಿರುಗಿದಳು. "ಅತ್ತೆ, ನಿನ್ನೆ ನೀವೂ ಎರಡು ಕಪ್ಪು ಅಂತ ತಲೆಯಾಡಿಸಿದ್ರಲ್ಲ!"

"ಅದು ಕಾಫಿ ಕುಡಿಯೋದು ಹೇಗಾಗುತ್ತಮ್ಮಾ? ಅದು ಮರ್ಯಾದೆ!" ಎಂದೆ. ಹೇಳಿದ ಮೇಲೆ ನನ್ನ ಕಿವಿಗೇ ಆ ಮಾತು ಕೇಳಿಸಿತು.

ಅವಳು ನಗು ತಡೆದುಕೊಂಡು ವಿವರಿಸಿದಳು. ಎದೆ ಗಟ್ಟಿಯಾಗಿದೆ, ರಕ್ತವೂ ಚೆನ್ನಾಗಿದೆ. ನಡುನಡುವೆ ಹೆಚ್ಚಿನ ಬಡಿತ ಬೀಳುತ್ತಿದೆ, ಅದು ಅಪಾಯದ್ದಲ್ಲ. ದಿನಕ್ಕೆ ಮೂರು ನಾಲ್ಕು ಕಪ್ಪು ಇವನಂಥವನಿಗೆ ಏನೂ ಮಾಡದು, ಇಪ್ಪತ್ತನಾಲ್ಕು ಮಾತ್ರ ಎದೆಗೂ ಆಗದು, ನಿದ್ದೆಗೂ ಆಗದು. "ಒಂದೇ ಸಲ ಬಿಡ್ಬೇಡಿ, ತಲೆನೋವು ಬರುತ್ತೆ. ದಿನಕ್ಕೆ ಎರಡೆರಡು ಕಡಿಮೆ ಮಾಡಿ. ಎರಡು ವಾರ ಬಿಟ್ಟು ಬನ್ನಿ, ಮತ್ತೆ ಪೆಟ್ಟಿಗೆ ಕಟ್ಟಿ ನೋಡೋಣ."

"ಅಪ್ಪಂಗೆ ಆದದ್ದು?" ಎಂದು ಕಲೆವಿ ಮೆಲ್ಲಗೆ ಕೇಳಿದ.

"ಅವರಿಗೇನಾಗಿತ್ತೋ ನನಗೆ ಗೊತ್ತಿಲ್ಲ ಮಾಮ. ನಿಮಗೆ ಅದಾಗಿಲ್ಲ, ಅದು ಗೊತ್ತು."

ಹೋದ ಜೀವ ಬಂದಂತಾಯಿತು. ಹೊರಗೆ ಬಂದು ಕಾರಿನ ಬಾಗಿಲು ಹಾಕಿದ ಕೂಡಲೇ ಹರಕೆ ಮುರಿದು ಬೈಯತೊಡಗಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಮೂರ್ಖ ಎಂದೆ, ಮೂರು ವಾರ ಒಬ್ಬನೇ ಸತ್ತು ಸತ್ತು ಬದುಕಿದ ಕತ್ತೆ ಎಂದೆ. ಅವನು ಊರು ಬರುವ ತನಕ ನಗುತ್ತಲೇ ಕಾರು ಓಡಿಸಿದ.

ಎರಡು ವಾರದ ನಂತರದ ಪೆಟ್ಟಿಗೆಯಲ್ಲಿ ಮೀನು ಒದ್ದಾಡಲಿಲ್ಲ. ಸಿರ್ಕು ಕೊಟ್ಟ ‘ಇವರಿಗೆ ಕಾಫಿ ಕೊಡಬಾರದು’ ಎಂಬ ಚೀಟಿಯನ್ನು ಅವನು ಮನೆಮನೆಯಲ್ಲೂ ತೋರಿಸುತ್ತಾನೆ. ಹಿಲ್ಮಾ ಅಜ್ಜಿ ಅದನ್ನು ಓದಿ, "ನನ್ನ ಮೊಮ್ಮಗಳೇ ನನ್ನ ಮಾನ ಕಳೆದಳು" ಎಂದು ಗೊಣಗಿದಳಂತೆ. ಆಮೇಲೆ ಅದೇ ಹೂವಿನ ಕಪ್ಪಿನಲ್ಲಿ ಬೆರ್ರಿ ಹಣ್ಣಿನ ರಸ ತಂದಿಟ್ಟು, ಅದನ್ನೂ ಎರಡು ಸಲ ಸುರಿದಳಂತೆ.

ಆ ಶನಿವಾರ ನಾನು ಮನೆಯ ಪಟ್ಟಿಗಳನ್ನೆಲ್ಲ ಕಿತ್ತೆ. ಹುಡುಕಿದಷ್ಟೂ ಸಿಕ್ಕಿದವು, ಹದಿನಾರು. ಎಲ್ಲವನ್ನೂ ಮುದ್ದೆ ಮಾಡಿ ಸೌನಾ ಒಲೆಗೆ ಹಾಕುತ್ತಿದ್ದಾಗ ಕಲೆವಿ ಬಂದು ಬಾಗಿಲಲ್ಲಿ ನಿಂತ.

"ಇಷ್ಟು ಕಷ್ಟಪಟ್ಟು ಬರೆದಿದ್ದೆ. ನಾಳೆ ಚಳಿ ಜೋರಾದ್ರೆ ಯಾವುದನ್ನ ಮುಚ್ಬೇಕು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

"ನಿನ್ನನ್ನ ಕೇಳ್ತೀನಿ" ಎಂದೆ.

ಒಲೆಯ ಬಾಗಿಲು ಕೂರಲಿಲ್ಲ. ಅವನು ಬಗ್ಗಿ, ಸ್ವಲ್ಪ ಎತ್ತಿ ಮುಚ್ಚಿದ.