ರೈಲು ಹೊರಟ ದಿನ

“ಮೊನ್ನೆ ಇವರ ಬಿಳಿ ಅಂಗಿ ಸುಟ್ಟು ಕೊಟ್ಟವನು ನೀನೇ ತಾನೇ? ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಅಂತ ನೋಡೋಕೆ ಬರಲ್ಲ, ನನಗೆ ರೈಲು ಎಲ್ಲಿದೆ ಅಂತ ತೋರಿಸ್ತೀಯಾ?”

ಟೈಲರ್ ಮಾಸ್ಟ್ರು ಹೀಗೆಂದಾಗ ಅಂಗಡಿಯ ತುಂಬ ಗಿರಾಕಿಗಳಿದ್ದರು. ಎಲ್ಲರೂ ನಕ್ಕರು. ಪಕ್ಕದ ಮಳಿಗೆಯ ಇಸ್ತ್ರಿಯವನು ಫೋನನ್ನು ಜೇಬಿಗೆ ಹಾಕಿಕೊಂಡು ತನ್ನ ಮೇಜಿಗೆ ಹೋದ. ಅವನು ಕೆಟ್ಟದ್ದೇನೂ ಹೇಳಿರಲಿಲ್ಲ. “ಮಗ ಬರೋ ರೈಲು ಎಲ್ಲಿದೆ ಅಂತ ಆ್ಯಪಲ್ಲಿ ನೋಡಬಹುದು ಮಾಸ್ಟ್ರೇ, ಹೇಳಿಕೊಡ್ತೀನಿ” ಎಂದಿದ್ದ, ಅಷ್ಟೇ.

ಮಾಸ್ಟ್ರ ಮಗ ಹಡಗಿನ ಕೆಲಸದವನು. ರಜೆ ಸಿಕ್ಕಿರಲಿಲ್ಲ. ಅವನು ಬಂದರಿಗೆ ಹೋಗುವ ರೈಲು ಈ ಊರಿನಲ್ಲಿ ಐದು ನಿಮಿಷ ನಿಲ್ಲುತ್ತದೆ. ಮನೆಗೆ ಬರುವಂತಿಲ್ಲ, ರೈಲಿನ ಬಾಗಿಲಲ್ಲೇ ನಿಂತು ಅಮ್ಮನನ್ನು ನೋಡಿ ಮುಂದೆ ಹೋಗಬೇಕು. ಅಮ್ಮನಿಗೆ ಹೃದಯದ ಕಾಯಿಲೆ. ಹಡಗು ತಿರುಗಿ ಬರುವ ಹೊತ್ತಿಗೆ ಆಕೆ ಇರುವುದು ಅನುಮಾನ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಮಾಸ್ಟ್ರು ಮಗನಿಗೆ ನೀಲಿ ಅಂಗಿ ಹೊಲಿದರು. ಗುಂಡಿಗಳನ್ನು ಆಕೆಯೇ ಹಾಕಿದಳು, ಒಂದೊಂದು ಗುಂಡಿಗೂ ಒಮ್ಮೆ ಸುಧಾರಿಸಿಕೊಳ್ಳುತ್ತ.

ರೈಲು ಬರುವ ಬೆಳಿಗ್ಗೆ ಆಕೆ ಎಲ್ಲರಿಗಿಂತ ಮೊದಲು ಎದ್ದು, ತಲೆ ಬಾಚಿಕೊಂಡು, ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮಾಸ್ಟ್ರು ಗುಟ್ಟಾಗಿ ಮಗಳಿಂದ ತಮ್ಮ ಫೋನಿಗೂ ಆ್ಯಪ್ ಹಾಕಿಸಿಕೊಂಡಿದ್ದರು. ರೈಲಿನ ನಂಬರ್ ಒತ್ತಿದರು. ಹೊರಟ ದಿನ ಯಾವುದು ಎಂದು ಅದು ಕೇಳಿತು. ಮಗ ಹತ್ತಿದ್ದು ನಿನ್ನೆ ಸಂಜೆ. ಮಾಸ್ಟ್ರು ‘ನಿನ್ನೆ’ ಎಂದು ಒತ್ತಿದರು.

“ಅಯ್ಯೋ, ರೈಲು ಇನ್ನೂ ಎಲ್ಲೋ ಇದೆ ಕಣೇ. ನಾಳೆ ಬೆಳಿಗ್ಗೆ ಬರುತ್ತಂತೆ. ಹೋಗಿ ಮಲಗು.”

ಮಗನಿಗೆ ಫೋನ್ ಮಾಡಿದರೆ ಸಿಗಲಿಲ್ಲ.

“ಪೂರ್ತಿ ಒಂದು ದಿನ ತಡ ಆಗುತ್ತಾ ಅಪ್ಪ?” ಎಂದಳು ಮಗಳು. “ಇಸ್ತ್ರಿ ಮಾಮನ್ನ ಒಂದು ಮಾತು ಕೇಳಿ ಬರ್ತೀನಿ.”

“ಬೇಡ. ಅಷ್ಟು ಜನರ ಮುಂದೆ ಅಂದುಬಿಟ್ಟಿದ್ದೀನಿ. ಈಗ ಯಾವ ಮುಖ ಇಟ್ಕೊಂಡು ಕೇಳಿಸಲಿ?”

“ರೀ, ತಡ ಆದ್ರೂ ಆಗಲಿ, ಹೋಗಿ ಅಲ್ಲೇ ಕೂತಿರೋಣ” ಎಂದಳು ಹೆಂಡತಿ.

“ಈ ಚಳಿಲಿ ಇಡೀ ದಿನ ಕೂತ್ರೆ ನಿನ್ನ ಎದೆ ತಡೆಯುತ್ತಾ?”

ಪ್ರೀತಿಯಿಂದಲೇ ಹೇಳಿದರು, ಇಲ್ಲವೆನ್ನುವುದಿಲ್ಲ. ಆದರೆ ಪಕ್ಕದ ಮಳಿಗೆ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಮುಖ ಉಳಿಸಿಕೊಳ್ಳಬೇಕಿತ್ತಂತೆ, ಮುಖ!

ಬಿಸಿಲು ಏರುವ ಹೊತ್ತಿಗೆ ಮಗನ ಫೋನ್ ಬಂತು. “ಅಮ್ಮ ಎಲ್ಲಿ? ರೈಲು ಹೊರಡೋವರೆಗೂ ಬಾಗಿಲಲ್ಲೇ ನಿಂತಿದ್ದೆ. ಯಾರೂ ಬರಲಿಲ್ವಲ್ಲ.”

ಫೋನ್ ಎತ್ತಿದ್ದ ಮಗಳು ಅಪ್ಪನ ಕಡೆ ನೋಡಿದಳು. ಅಮ್ಮ ಕೈ ಚಾಚಿ ಫೋನ್ ತೆಗೆದುಕೊಂಡಳು.

“ಬಂದಿದ್ದೆ ಕಣಪ್ಪ. ಜನ ಜಾಸ್ತಿ ಇತ್ತು, ಹತ್ತಿರ ಬರೋಕೆ ಆಗಲಿಲ್ಲ. ನಾನು ನಿನ್ನ ನೋಡಿದೆ, ನೀನೇ ನನ್ನ ನೋಡಲಿಲ್ಲ. ಯಾಕೋ ಇಷ್ಟು ಸೊರಗಿದ್ದೀಯ?”

“ಹೂಂ ಅಮ್ಮ, ಹಡಗಲ್ಲಿ ಚೆನ್ನಾಗಿ ತಿಂತೀನಿ ಬಿಡು” ಎಂದ ಮಗ. ಅಮ್ಮ ಅಂಗಿಯನ್ನು ಮಡಿಸತೊಡಗಿದಳು. ಮಾಸ್ಟ್ರು ಗೋಡೆಯ ಕಡೆ ತಿರುಗಿ ನಿಂತರು.

ಹಡಗು ತಿರುಗಿ ಬರುವ ಮೊದಲೇ ಆಕೆ ಹೋದಳು.

ಅದಾದ ಮೇಲೆ ಒಂದು ದಿನ ಮಾಸ್ಟ್ರು, ಗಿರಾಕಿಗಳಿದ್ದ ಹೊತ್ತಿನಲ್ಲೇ, ಇಸ್ತ್ರಿಯವನ ಮುಂದೆ ಫೋನ್ ಹಿಡಿದರು. “ಮಗ ಹಿಂದಿನ ಸಂಜೆ ಹತ್ತಿದ್ದ, ಅದಕ್ಕೇ ‘ನಿನ್ನೆ’ ಒತ್ತಿದೆ. ನಾನು ಎಲ್ಲಿ ತಪ್ಪಿದೆ ಹೇಳಪ್ಪ.”

ಅವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. “ಆ ರೈಲು ದಿನಾ ಹೊರಡುತ್ತೆ, ಇಲ್ಲಿಗೆ ಬರೋಕೆ ಎರಡು ರಾತ್ರಿ ಬೇಕು. ಹಾಗಾಗಿ ಒಂದೇ ನಂಬರಿನ ಎರಡು ರೈಲು ಒಟ್ಟಿಗೇ ಓಡ್ತಿರುತ್ವೆ ಮಾಸ್ಟ್ರೇ. ನಮ್ಮೋರು ಯಾವತ್ತು ಹತ್ತಿದ್ರು ಅಂತ ಆ್ಯಪ್ ಕೇಳಲ್ಲ. ರೈಲು ತನ್ನ ಮೊದಲನೇ ಸ್ಟೇಷನ್ನಿಂದ ಯಾವತ್ತು ಹೊರಟಿತು ಅಂತ ಕೇಳುತ್ತೆ. ನಿಮ್ಮ ಹುಡುಗ ಹಿಂದಿನ ಸಂಜೆ ನಡುದಾರೀಲಿ ಹತ್ತಿದ, ರೈಲು ಅದಕ್ಕೂ ಒಂದು ದಿನ ಮೊದಲೇ ಹೊರಟಿತ್ತು. ನೀವು ನೋಡಿದ್ದು ಅದರ ಹಿಂದೆ ಬರ್ತಿದ್ದ ಇನ್ನೊಂದನ್ನ.”

“ಅಂದರೆ ‘ಮೊನ್ನೆ’ ಒತ್ತಬೇಕಿತ್ತು.”

“ಹೌದು ಮಾಸ್ಟ್ರೇ.”

ಇದನ್ನು ಓದುತ್ತಿರುವವರೇ, ನಿಮ್ಮವರು ರೈಲಿನಲ್ಲಿದ್ದಾರೆಯೇ? ಆ್ಯಪ್ ಹಾಕಿಕೊಳ್ಳಿ, ಹಾಕಿಕೊಂಡಾಯಿತೆಂದು ಬೀಗಬೇಡಿ. ರೈಲು ಮೊದಲ ಸ್ಟೇಷನ್ ಬಿಟ್ಟ ದಿನ ಯಾವುದು ನೋಡಿ. ಅದು ತೋರಿಸುವ ಹೊತ್ತು ಒಂದು ಇಡೀ ದಿನ ಹಿಂದೆ ಮುಂದೆ ಇದ್ದರೆ ತಾರೀಖು ತಪ್ಪಿದ್ದೀರಿ ಎಂದೇ ತಿಳಿದು ಮತ್ತೆ ನೋಡಿ. ಸ್ಟೇಷನ್ನಿನ ವಿಚಾರಣೆಯ ಕಿಟಕಿಯಲ್ಲೂ ಕೇಳಿ, ಸ್ವಲ್ಪ ಮುಂಚೆಯೇ ಹೋಗಿ ನಿಲ್ಲಿ. ತಿಳಿಯದಿದ್ದರೆ ಪಕ್ಕದವರನ್ನು ಕೇಳಿ, ನಿನ್ನೆ ನೀವೇ ಬೈದವರನ್ನಾದರೂ ಸರಿ. ಕೇಳಿದರೆ ನಿಮ್ಮ ಬಾಯಿ ಸವೆಯುವುದಿಲ್ಲ.

ಈಗ ಊರಿಗೆ ಹೋಗಲೆಂದು ಬಟ್ಟೆ ಹೊಲಿಸುವವರು ಬಂದರೆ ಮಾಸ್ಟ್ರು ಅಳತೆಗೆ ಮೊದಲು ಕೇಳುವುದು ಒಂದೇ. “ರೈಲು ಹೊರಟ ದಿನ ನೋಡೋದು ಗೊತ್ತಾ?” ಗೊತ್ತಿಲ್ಲವೆಂದರೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅಲ್ಲೇ ಕೂರಿಸಿ ತೋರಿಸುತ್ತಾರೆ.

ಮೊನ್ನೆ ಹೀಗೆ ಕಲಿತ ಗಿರಾಕಿಯೊಬ್ಬ ಏಳುತ್ತ ಗೋಡೆಯ ಕಡೆ ಕೈ ತೋರಿಸಿದ. “ಆ ನೀಲಿ ಅಂಗಿ ಚೆನ್ನಾಗಿದೆ ಮಾಸ್ಟ್ರೇ. ಎಷ್ಟು ದಿನದಿಂದ ನೇತಾಡ್ತಿದೆ. ಯಾರೂ ಬಂದು ಒಯ್ಯಲಿಲ್ವಾ?”

ಮಾಸ್ಟ್ರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಚಪ್ಪಲಿ ಮೆಟ್ಟಿಕೊಂಡು, ಬೀದಿಗಿಳಿದು ನಡೆದುಹೋದರು.