ಹಾಸಿಗೆ ಹೊತ್ತು ಠಾಣೆಗೆ ಹೊರಟ ಹಬೀಬುಲ್ಲಾ

ಹರೆಯದ ಮಕ್ಕಳಿರುವ ಮನೆಗೆ ಒಂದಲ್ಲ ಒಂದು ದಿನ ಎದೆ ಧಸಕ್ಕೆನ್ನುವ ಸುದ್ದಿ ಬಂದೇ ಬರುತ್ತದೆ. ಗುಂಡ್ಲುಪೇಟೆಯಲ್ಲಿ ಹತ್ತಿ ಹಾಸಿಗೆ ಹೊಲಿಯುವ ಹಬೀಬುಲ್ಲಾನ ಮನೆಗೆ ಅದು ಎರಡು ಸಾವಿರದ ಎಂಟನೇ ಇಸವಿಯಲ್ಲಿ ಬಂತು. ಹದಿನೇಳು ವರ್ಷದ ಮಗ ಮುಜೀಬ್ ತಲೆಯಿಂದ ಕಾಲಿನ ತನಕ ಕೆಂಪಾಗಿ ಬಾಗಿಲಲ್ಲಿ ನಿಂತಿದ್ದ. ತಾಯಿ ಕರೀಮುನ್ನೀಸಾ ರಕ್ತವೆಂದು ಕಿರುಚಿದಳು. ಒರೆಸಿ ನೋಡಿದರೆ ಟೊಮೆಟೊ ರಸ!

ನಡೆದದ್ದು ಇಷ್ಟು. ಟೀ ಅಂಗಡಿಯ ಮುಂದೆ ಕೀಲಿ ಸಮೇತ ನಿಂತಿದ್ದ ದೊಡ್ಡಮಲ್ಲಪ್ಪನ ಮೊಪೆಡ್ಡನ್ನು ಹುಡುಗ ಕೇಳದೆ ಹತ್ತಿಕೊಂಡು, ಬಂಡೀಪುರದಲ್ಲಿ ಆನೆ ನೋಡಿ ಬರೋಣವೆಂದು ಹೊರಟಿದ್ದ. ಆನೆ ಸಿಗಲಿಲ್ಲ. ಊರು ದಾಟುವ ಮೊದಲೇ, ಕೇರಳದ ಲಾರಿಗೆ ತುಂಬಲು ಜೋಡಿಸಿದ್ದ ಟೊಮೆಟೊ ಕ್ರೇಟುಗಳು ಸಿಕ್ಕವು. ದೊಡ್ಡಮಲ್ಲಪ್ಪ ದೂರು ಕೊಟ್ಟ. ಬೆಳಿಗ್ಗೆ ಮಗನನ್ನು ಕರೆದುಕೊಂಡು ಬನ್ನಿ ಎಂದು ಠಾಣೆಯಿಂದ ಹೇಳಿಕಳಿಸಿದರು.

ಮನೆಯ ಯಜಮಾನ ಹೋಗಿ ಒಳಗೆ ಕೂತರೆ ಕೇಸು ಮುಗಿಯಿತು, ಮಗ ಉಳಿದ ಎಂದು ಹಬೀಬುಲ್ಲಾ ತೀರ್ಮಾನಿಸಿಬಿಟ್ಟ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಲಾಕಪ್ಪಿನ ನೆಲ ತಣ್ಣಗಿರುತ್ತದೆಂದು, ಗಿರಾಕಿಗೆ ಹೊಲಿದಿಟ್ಟಿದ್ದ ಹೊಸ ಹಾಸಿಗೆಯನ್ನೇ ಸುತ್ತಿ ತಲೆಯ ಮೇಲಿಟ್ಟುಕೊಂಡು ಹೊರಟ.

ದಾರಿಯಲ್ಲಿ ಅಂಗನವಾಡಿ ಟೀಚರ್ ಸುಧಾಮಣಿ ಎದುರಾದಳು.

"ಹಾಸಿಗೆ ಯಾರ ಮನೆಗೆ ಹಬೀಬಣ್ಣ?"

"ಲಾಕಪ್ಪಿಗೆ ಕಣ್ ಟೀಚರಮ್ಮ. ಮೊಪೆಡ್ ತಕ್ಕೊಂಡೋಗಿದ್ದು ನಾನೇ ಅಂತ ಒಪ್ಕೊಬುಡ್ತೀನಿ."

"ನಿಮ್ಗೆ ಸೈಕಲ್ಲೇ ಬರಕಿಲ್ವಲ್ಲ!"

"ಅದು ಪೊಲೀಸ್ನೋರ್ಗೇನ್ ಗೊತ್ತು ಬುಡಿ."

ಸುಧಾಮಣಿ ಚಾಮರಾಜನಗರದಲ್ಲಿ ಮಕ್ಕಳ ಕಾನೂನಿನ ತರಬೇತಿ ಮುಗಿಸಿ ಬಂದವಳು. "ಹದಿನೆಂಟು ತುಂಬದ ಮಕ್ಕಳನ್ನ ಲಾಕಪ್ಪಿಗೆ ಹಾಕಂಗಿಲ್ಲ, ಕೈಗೆ ಕೋಳ ಹಾಕಂಗಿಲ್ಲ ಕಣಣ್ಣ" ಎಂದಳು.

"ಸುಮ್ನಿರಮ್ಮ! ಹತ್ತು ವರ್ಸದ ಹಿಂದೆ ನನ್ ಭಾಮೈದನ ಮಗ ಜಾಕಿರ್‌ಗೂ ಹದ್ನೇಳೇ. ದೊಡ್ಡ ಕಳ್ಳರ ಜೊತೇಲಿ ಕೂಡಾಕುದ್ರು. ಓಗುವಾಗ ಹುಡುಗಾಟದ ಹುಡುಗ. ಬರುವಾಗ ಬೀಗ ಮುರಿಯಾದು ಕಲ್ತ್ಕೊಂಡು ಬಂದ." ಮುಜೀಬನೂ ಹಾಗಾದರೆ ಎಂಬುದೇ ಹಬೀಬುಲ್ಲಾನ ಭಯ.

"ಅದು ಹಳೇ ಕಾನೂನು. ಆಗ ಗಂಡುಮಕ್ಕಳಿಗೆ ಹದಿನಾರು ತುಂಬುದ್ರೆ ದೊಡ್ಡೋರ ಲೆಕ್ಕ. ಈಗ ಹೊಸ ಕಾನೂನು ಬಂದದೆ, ನಮ್ ರಾಜ್ಯದೋರೂ ಅದಕ್ಕೆ ನಿಯಮ ಮಾಡವ್ರೆ. ಹುಡುಗ ಆಗ್ಲಿ, ಹುಡುಗಿ ಆಗ್ಲಿ, ಹದಿನೆಂಟರ ತನಕ ಮಕ್ಕಳೇ. ಬಾಲ ನ್ಯಾಯ ಮಂಡಳಿಯೋರು ವಿಚಾರಿಸ್ತಾರೆ."

"ಪೇಪರಲ್ಲಿ ಹೆಸ್ರು ಬಂದ್ರೆ? ನಾಳೆ ಯಾವ್ದಾದ್ರೂ ಫ್ಯಾಕ್ಟ್ರಿಲಿ ಕೆಲ್ಸ ಕೊಟ್ಟಾರಾ?"

"ಹೆಸರು ಹಾಕಂಗೇ ಇಲ್ಲ. ಈ ಕೇಸು ಅವನ ಕೆಲಸಕ್ಕೆ ಅಡ್ಡ ಬರಂಗೂ ಇಲ್ಲ."

ಹಬೀಬುಲ್ಲಾ ನಂಬಲಿಲ್ಲ. ಹಾಸಿಗೆ ಸರಿಮಾಡಿಕೊಂಡು ನಡೆದೇಬಿಟ್ಟ. ಸುಧಾಮಣಿ ಅವನ ಮನೆಯ ಕಡೆ ಓಡಿದಳು.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಒಮ್ಮೆ ಹಾಸಿಗೆಯನ್ನೂ ಒಮ್ಮೆ ಹಬೀಬುಲ್ಲಾನನ್ನೂ ನೋಡಿದರು. "ನೀವೇ ಓಡಿಸಿದ್ರಾ? ಹಾಗಾದ್ರೆ ಒಂದ್ಸಲ ಸ್ಟಾರ್ಟ್ ಮಾಡಿ ತೋರಿಸಿ ಸಾಬ್ರೆ."

ಸೊಟ್ಟಗಾದ ಮೊಪೆಡ್ ಅಂಗಳದಲ್ಲೇ ಇತ್ತು. ಹಬೀಬುಲ್ಲಾ ಬಿಸ್ಮಿಲ್ಲಾ ಎಂದು ಹತ್ತಿ ಕೂತ. ಸ್ಟ್ಯಾಂಡ್ ತೆಗೆಯಬೇಕೆಂಬುದು ಅವನಿಗೆ ಗೊತ್ತಿಲ್ಲ. ಪೆಡಲ್ ತುಳಿದ, ತುಳಿದ, ಬೆವರಿಳಿಯುವ ತನಕ ತುಳಿದ. ಇದ್ದಕ್ಕಿದ್ದಂತೆ ಅದು ಬುರ್ರೆಂದು ಶುರುವಾಗಿ ಹಿಂದಿನ ಚಕ್ರ ಗಿರಗಿರನೆ ತಿರುಗತೊಡಗಿತು.

"ಅಯ್ಯೋ, ಯಾರಾದ್ರೂ ಇಡ್ಕೊಳ್ರಪ್ಪಾ! ಕಾಡ್ಗೆ ನುಗ್ತದೆ!" ಹಬೀಬುಲ್ಲಾ ಕಣ್ಣುಮುಚ್ಚಿ ಕೂಗಿದ. ನಿಂತ ಜಾಗದಿಂದ ಅವನು ಒಂದು ಗೇಣೂ ಕದಲಿರಲಿಲ್ಲ. ಕಾನ್‌ಸ್ಟೇಬಲ್‌ಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ತಾಯಿ ಮತ್ತು ಸುಧಾಮಣಿಯೊಂದಿಗೆ ಬಂದ ಮುಜೀಬ್ ಓಡಿಹೋಗಿ ಕೀಲಿ ತಿರುಗಿಸಿದ. "ಅಬ್ಬಾಜಾನ್, ಇಳೀರಿ" ಎಂದ. ಅಪ್ಪ ತನಗಾಗಿ ನಗೆಪಾಟಲಾದದ್ದನ್ನು ನೋಡಿ ಅವನಿಗೆ ಅಳು ಬಂದಿತ್ತು. "ತಕ್ಕೊಂಡೋಗಿದ್ದು ನಾನು ಸಾರ್. ತಪ್ಪಾಯ್ತು."

ಸಬ್‌ಇನ್ಸ್‌ಪೆಕ್ಟರ್ ನಗು ನಿಲ್ಲಿಸಿ, ಸುಧಾಮಣಿ ಕೊಟ್ಟ ಶಾಲೆಯ ಸರ್ಟಿಫಿಕೇಟ್ ಓದಿದರು. "ಹದಿನೇಳು. ಇವನನ್ನ ಇಲ್ಲಿ ಕೂರಿಸಂಗಿಲ್ಲ. ಹಾಸಿಗೆ ಮನೆಗೆ ತಗೊಂಡೋಗಿ ಸಾಬ್ರೆ" ಎಂದರು.

ಬಾಲ ನ್ಯಾಯ ಮಂಡಳಿಗೆಂದು ಚಾಮರಾಜನಗರಕ್ಕೆ ಅವರ ಜೊತೆ ಬಂದ ಪೊಲೀಸರು ಮಾಮೂಲಿ ಅಂಗಿಯಲ್ಲಿದ್ದರು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು. ಹುಡುಗನನ್ನು ಅಪ್ಪ ಅಮ್ಮನ ಜೊತೆ ಮನೆಗೆ ಕಳಿಸಿದರು. ಆಮೇಲೆ ಪ್ರೊಬೇಷನ್ ಆಫೀಸರ್ ಮನೆಗೇ ಬಂದರು. ಕರೀಮುನ್ನೀಸಾ ಹೆಣ್ಣು ನೋಡಲು ಬಂದವರಿಗೆ ಮಾಡುವ ಹಾಗೆ ಶ್ಯಾವಿಗೆ ಪಾಯಸ ಮಾಡಿದ್ದಳು. ಆಫೀಸರಮ್ಮ ಪಾಯಸ ಬೇಡವೆಂದು, ಹುಡುಗನ ಓದು, ಗೆಳೆಯರು, ನಡತೆ ಎಲ್ಲ ವಿಚಾರಿಸಿ ವರದಿ ಬರೆದುಕೊಂಡರು.

ಕೊನೆಗೆ ಮಂಡಳಿಯವರು ಮುಜೀಬನಿಗೆ ಬುದ್ಧಿ ಹೇಳಿದರು. ಆರು ತಿಂಗಳು ಮನೆಯಲ್ಲೇ ಇದ್ದು, ಪ್ರೊಬೇಷನ್ ಆಫೀಸರ್ ಕಣ್ಣಳತೆಯಲ್ಲಿ ನೆಟ್ಟಗೆ ನಡೆದುಕೊಳ್ಳಬೇಕು ಎಂದರು. "ನೀವು ಜವಾಬ್ದಾರಿ ತಗೋತೀರಾ?" ಎಂದು ಮ್ಯಾಜಿಸ್ಟ್ರೇಟಮ್ಮ ತಂದೆಯನ್ನು ಕೇಳಿದರು.

"ಅಂದ್ರೆ ಅವನ ಬದಲು ನಾನು ಒಳಗೆ ಓಗಾದು ಬ್ಯಾಡ್ವಾ ತಾಯಿ? ಅವನ್ನ ಸರ್ಯಾಗಿ ನೋಡ್ಕೊಂಡ್ರೆ ಸಾಕಾ?"

"ಅಷ್ಟೇ."

ಹಬೀಬುಲ್ಲಾ ಕಣ್ಣೊರೆಸಿಕೊಂಡ. "ಎಲ್ಲಿ ಸೈನ್ ಹಾಕ್ಬೇಕು, ತೋರ್ಸಿ."

ತಂದೆ ತಾಯಂದಿರೇ, ಮಕ್ಕಳು ತಪ್ಪು ಮಾಡಿದರೆ ಅವರನ್ನು ಬಚ್ಚಿಡಬೇಡಿ, ಅವರ ತಪ್ಪನ್ನು ನೀವು ಹೊರಲೂ ಬೇಡಿ. ವಯಸ್ಸಿನ ದಾಖಲೆ ಹಿಡಿದು ಅವರ ಜೊತೆಗೇ ಹೋಗಿ. ವಕೀಲರ ನೆರವು ಉಚಿತವಾಗಿ ಸಿಗುತ್ತದೆ, ಕೇಳಿ ಪಡೆಯಿರಿ. ತಿದ್ದಿಕೊಳ್ಳುವ ದಾರಿಯನ್ನು ಕಾನೂನು ತೆರೆದಿಟ್ಟಿದೆ. ಮಗುವಿನ ಕೈ ಹಿಡಿದು ಆ ದಾರಿಯಲ್ಲಿ ನಡೆಯಬೇಕಾದವರು ನೀವು.