ಶಾಲ್ವಾನಿಗೆ ಹೆಗಲು ಕೊಟ್ಟ ದಿನ

ಜಾರ್ಜಿಯಾ ದೇಶದ ಗುರಿಯಾ ಸೀಮೆಯ ಆ ಹಳ್ಳಿಯಲ್ಲಿ ಹಾರ್ಲನ್ ಪ್ರುಯಿಟ್‌ನಿಗೆ ಒಂದೂ ಹಿಡಿಸಿರಲಿಲ್ಲ. ಅಮೆರಿಕದ ಒಹಾಯೊದಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತನಾಗಿ, ಸೇವೆ ಮಾಡುತ್ತೇನೆಂದು ತಾನಾಗಿಯೇ ಬಂದವನು. ಇಲ್ಲಿ ನೋಡಿದರೆ ವ್ಯಾನು ಹೊರಡುವುದು ಜನ ತುಂಬಿದ ಮೇಲೆ. ಮೇಷ್ಟರುಗಳು ಪಾಠದ ನಡುವೆಯೇ ಕಾಫಿಗೆ ಎದ್ದು ಹೋಗುತ್ತಾರೆ. ಇವು ಉದ್ಧಾರವಾಗುವ ಪೈಕಿಯಲ್ಲ ಎಂದು ಅವನು ಮೊದಲ ತಿಂಗಳಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಆದರೂ ಪಾಠ ಹೇಳುವುದು ಹೇಗೆಂದು ಈ ಮೇಷ್ಟರುಗಳಿಗೇ ಕಲಿಸಲು ಚಳಿಗಾಲವಿಡೀ ತಯಾರಿ ನಡೆಸಿದ. ಮೊದಲ ಪಾಠದ ಬೆಳಿಗ್ಗೆ ಕೆಂಪು ಟೈ ಕಟ್ಟಿಕೊಂಡು ಶಾಲೆಗೆ ಹೋದರೆ ಬಾಗಿಲಿಗೆ ಬೀಗ. ಒಂದು ನರಪಿಳ್ಳೆ ಇಲ್ಲ.

ಉರಿದುಕೊಂಡು ಮನೆಗೆ ವಾಪಸಾದ. ಅವನಿಗೆ ಊಟ ವಸತಿ ಕೊಟ್ಟಿದ್ದ ವಿಧವೆ ಗುಲಿಕೋ ಕಪ್ಪು ಶಾಲು ಹೊದ್ದು ಹೊರಡುತ್ತಿದ್ದಳು.

"ಎಲ್ಲಿ ಸತ್ತರು ಎಲ್ಲರೂ?" ಎಂದ.

"ಸತ್ತಿದ್ದು ಒಬ್ಬನೇ. ಶಾಲ್ವಾ. ಇವತ್ತು ಮಣ್ಣು."

"ನನಗ್ಯಾರೂ ಹೇಳಲೇ ಇಲ್ಲ!"

ಗುಲಿಕೋ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಾಲ್ಕು ದಿನದಿಂದ ಪಕ್ಕದಲ್ಲೇ ಅವನ ಮನೆ ಗೇಟಲ್ಲಿ ಊರಿಗೆ ಊರೇ ನಿಂತಿದೆ. ದಿನಾ ಅದರ ಮುಂದೇನೇ ಓಡಾಡ್ತೀಯ. ನಿನಗೆ ಡಂಗುರ ಬೇರೆ ಹೊಡೆಸಬೇಕಿತ್ತೇನಪ್ಪಾ?"

ಶಾಲ್ವಾ ಶಾಲೆಯ ಕೋಣೆಗಳನ್ನು ಬೆಚ್ಚಗಿಡುವ ಒಲೆಗಳಿಗೆ ಸೌದೆ ಹಾಕುವವನು. ಅವನ ಮುಖ ನೆನಪು ಮಾಡಿಕೊಳ್ಳಲು ನೋಡಿದರೆ ಹಾರ್ಲನ್‌ನಿಗೆ ಬೆನ್ನು ಮಾತ್ರ ನೆನಪಾಯಿತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ. ಮುಖ್ಯೋಪಾಧ್ಯಾಯಿನಿ ನನೂಲಿಯನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳುವೆನೆಂದು ಸಾವಿನ ಮನೆಗೆ ನುಗ್ಗಿದ.

ನನೂಲಿ ಅವನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡಳು. "ಬಂದ್ರಾ! ನೀವು ಬರೋದೇ ಇಲ್ಲ ಅಂದ್ಕೊಂಡಿದ್ವಿ." ಅವನು ಬಾಯಿ ತೆರೆಯುವಷ್ಟರಲ್ಲಿ ಜನ ದಾರಿ ಬಿಟ್ಟು ಒಳಗೆ ತಳ್ಳಿದರು. ಗುಲಿಕೋ ಹಿಂದಿನಿಂದ ಅವನ ಟೈ ಎಳೆದು ಬಿಚ್ಚಿ ತನ್ನ ಚೀಲಕ್ಕೆ ತುರುಕಿಕೊಂಡಳು. ತೆರೆದ ಶವಪೆಟ್ಟಿಗೆಯ ಪಕ್ಕ ಕುಳಿತಿದ್ದ ಶಾಲ್ವಾನ ಹೆಂಡತಿ ಅವನ ಕೆನ್ನೆ ತಟ್ಟಿ ಅತ್ತಳು: "ಏಳು ಶಾಲ್ವಾ, ನಿನ್ನ ಅಮೆರಿಕದ ಮೇಷ್ಟ್ರು ಬಂದವ್ರೆ. ಅವರಿಗೆ ಚಳಿ ತಡಿಯಲ್ಲ ಅಂತ ಒಣಗಿದ ಸೌದೇನೇ ಆರಿಸಿ ಒಯ್ತಿದ್ಯಲ್ಲೋ!"

ಬೈಯಲೆಂದು ಬಂದಿದ್ದ ಹಾರ್ಲನ್ ಬಗ್ಗಿ ಶಾಲ್ವಾನ ಮುಖ ನೋಡಿದ.

ಸ್ಮಶಾನ ಗುಡ್ಡದ ಮೇಲೆ. ಕೆಸರಿನಲ್ಲಿ ಗಾಡಿ ಹತ್ತುವಂತಿರಲಿಲ್ಲ. ಕಸರತ್ತಿನ ಮೇಷ್ಟರು ನೋದಾರ್ ಕೂಗಿದ: "ಏ ಉದ್ದನೆಯವರೇ, ಈ ಮೂಲೆಗೆ ಬನ್ನಿ!" ಹಾರ್ಲನ್ ಹೆಗಲು ಕೊಟ್ಟ. ಜೊತೆಗಿದ್ದ ನೋದಾರ್ ಅವನ ಎದೆಮಟ್ಟಕ್ಕೆ ಬರುವ ಕುಳ್ಳ, ಪೆಟ್ಟಿಗೆ ವಾಲಿತು.

"ಮೊಣಕಾಲು ಬಗ್ಗಿಸಿ ಮಾರಾಯ್ರೇ! ಶಾಲ್ವಾ ನನ್ನ ಮೈಮೇಲೇ ಉರುಳ್ತಾನೆ!"

"ನೀವು ಸ್ವಲ್ಪ ಎತ್ತಿ."

"ನಾನು ಉದ್ದ ಆಗೋಕಾಗುತ್ತಾ? ನೀವು ಬಗ್ಗಬಹುದು!"

ಅರವತ್ತು ದಾಟಿದ ಹಾರ್ಲನ್ ಮೊಣಕಾಲು ಬಗ್ಗಿಸಿಯೇ ಗುಡ್ಡ ಹತ್ತಿದ. ಇಂಥ ದಡ್ಡ ಏರ್ಪಾಡು ಭೂಮಿಯ ಮೇಲೆ ಬೇರೆಲ್ಲೂ ಇರಲಾರದೆಂದು ಹೆಜ್ಜೆಹೆಜ್ಜೆಗೂ ಶಪಿಸಿದ. ಆದರೆ ಪಾಳಿ ಬಿಡಿಸಲು ಬಂದವನಿಗೆ ಹೆಗಲು ಬಿಟ್ಟುಕೊಡಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲಿನ ಊಟದಲ್ಲಿ ನನೂಲಿ ಅವನ ತಟ್ಟೆಗೆ ಹುರುಳಿಕಾಯಿ ಬೀಜದ ಸಾರು ಸುರಿದು, "ನಿಮ್ಮ ಪಾಠ ನಾಳೆ ಇಟ್ಕೊಳ್ಳೋಣ. ಆಗದಿದ್ರೆ ನಾಡಿದ್ದು. ಇಲ್ಲೇ ಇರ್ತೀರಲ್ಲ?" ಎಂದಳು.

"ಇರ್ತೀನಿ," ಎಂದ.

ಸಂಜೆ, ಅವನನ್ನು ಇಲ್ಲಿಗೆ ಕಳಿಸಿದ್ದ ರಾಜಧಾನಿಯ ಸೇವಾ ಕಚೇರಿಯಿಂದ ಫೋನು. ಕಳೆದ ತಿಂಗಳಷ್ಟೇ ಅಮೆರಿಕದಿಂದ ಬಂದಿದ್ದ ಅಧಿಕಾರಿ.

"ಪಾಠ ರದ್ದಾಯ್ತಂತೆ? ಯಾಕೆ?"

"ಊರಲ್ಲಿ ಮಣ್ಣಿತ್ತು."

"ಒಂದು ಸಾವಿಗೆ ಇಡೀ ಶಾಲೆ ಮುಚ್ಚೋದಾ? ಮುಂಚೆ ತಿಳಿಸೋ ಶಿಸ್ತೂ ಇಲ್ವಾ ಈ ಜನಕ್ಕೆ?"

ಎಂಥ ಮೂರ್ಖ, ಎಂದುಕೊಂಡ ಹಾರ್ಲನ್. ಬೆಳಿಗ್ಗೆ ತಾನೂ ಹೆಚ್ಚುಕಡಿಮೆ ಇದನ್ನೇ ಕೂಗಿದ್ದು ನೆನಪಾಗಿ, ಆ ಮೂರ್ಖನ ಮೇಲಿನ ಅಸಹ್ಯ ಇನ್ನಷ್ಟು ಹೆಚ್ಚಿತು.

"ತಿಳಿಸಿದ್ರು," ಎಂದ. "ನಾನೇ ನೋಡಲಿಲ್ಲ." ಫೋನಿಟ್ಟು, ಕುಂಟುತ್ತಾ ಅಡುಗೆಮನೆಗೆ ಹೋಗಿ ಗುಲಿಕೋಳ ಹತ್ತಿರ ಮೊಣಕಾಲಿಗೆ ಎಣ್ಣೆ ಕೇಳಿದ.